ತೂಗಬಾರದ ಟಗರು

ಮುನ್ನಿಯ ಎಡಗಡೆಯ ಜಡೆ ಮುಗಿದಿತ್ತು. ಬಲಗಡೆಯ ಕೂದಲಿಗೆ ಎಣ್ಣೆ ಸವರಿ ಮೂರು ಕಾಲು ಮಾಡಿಕೊಳ್ಳುವಷ್ಟರಲ್ಲಿ ಓಣಿಯ ತುದಿಯಲ್ಲಿ ಜೀಪು ಗುರುಗುಟ್ಟಿ ನಿಂತಿತು.

"ಅಲ್ಲಾಡಬೇಡ," ಎಂದರು ಮೆಹರುನ್ನೀಸಾ. ರಿಬ್ಬನ್ನಿನ ತುದಿ ಅವರ ಹಲ್ಲುಗಳ ನಡುವೆ ಇತ್ತು.

"ಅಲ್ಲಾಡಿದ್ದು ನಾನಲ್ಲ ಅಮ್ಮೀ, ಕಿಟಕಿ."

ಬಾಗಿಲಲ್ಲಿ ಹಿರಿಯೂರಿನ ಸಬ್ ಇನ್ಸ್‌ಪೆಕ್ಟರ್ ಪರಮೇಶ್ವರಪ್ಪ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತಿದ್ದರು. ಟೋಪಿ ಕೈಗೆ ಇಳಿದಿದೆ ಎಂದರೆ ಲಾಠಿಗೆ ಬಗ್ಗದ ಕೆಲಸವೇನೋ ಬಂದಿದೆ ಎಂದು ಮೆಹರುನ್ನೀಸಾಗೆ ಗೊತ್ತಿತ್ತು. ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಈ ಟೀಚರನ್ನು ಅವರು ಹುಡುಕಿಕೊಂಡು ಬಂದದ್ದು ಇದು ಮೊದಲ ಸಲವೇನಲ್ಲ.

"ಟೀಚರಮ್ಮ, ಒಂದು ಟಗರು ಕಾಣೆಯಾಗೈತೆ."

"ಟಗರು ಹುಡುಕೋಕೂ ಇನ್ಸ್‌ಪೆಕ್ಟರೇ ಬರಬೇಕಾಯ್ತಾ? ಕುಂತ್ಕಳ್ರಿ ಸಾರ್, ಚಾ ಇಡ್ತೀನಿ."

"ಕುಂತ್ಕಳಕ್ಕೆ ಪುರುಸೊತ್ತಿಲ್ಲಮ್ಮ. ಐಮಂಗಲದ ಬಯಲಾಗೆ ವಿಮಾನ ನಿಂತೈತೆ. ಅದರ ಮುಂದಿನ ಗಾಲಿಗೆ ಒಬ್ಬ ಅಜ್ಜಿ ಒರಗಿಕೊಂಡು ಕುಂತವ್ಳೆ. ಟಗರು ಸಿಗೋ ತನಕ ಏಳಾಕಿಲ್ಲ ಅಂತವ್ಳೆ. ನಾನು ಅಜ್ಜಿ ಮೇಲೆ ಕೈ ಎತ್ತಂಗಿಲ್ಲ, ವಿಮಾನಕ್ಕೆ ಹೋಗಪ್ಪ ಅನ್ನಂಗಿಲ್ಲ."

ಭಾನುವಾರ. ಸ್ಕೂಲಿಲ್ಲ. ಮನೆಯಲ್ಲಿ ಮಗುವನ್ನು ನೋಡಿಕೊಳ್ಳುವವರೂ ಇಲ್ಲ. ಮೆಹರುನ್ನೀಸಾ ಒಲೆಯ ಮೇಲಿನ ಹಾಲನ್ನು ಇಳಿಸಿ, ಅದರ ಮೇಲೆ ತಟ್ಟೆ ಮುಚ್ಚಿ, ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ಮುನ್ನಿ ಒಂದೇ ಜಡೆಯಲ್ಲಿ ಜೀಪು ಹತ್ತಿದಳು.

ದಾರಿಯಲ್ಲಿ ಪರಮೇಶ್ವರಪ್ಪ ಎಲ್ಲವನ್ನೂ ಹೇಳಿದರು. ಯುದ್ಧದ ಕಾಲದಲ್ಲಿ ವಿಮಾನ ಇಳಿಯಲೆಂದು ಮಾಡಿ ಕೈಬಿಟ್ಟಿದ್ದ ಆ ಬಯಲಿನಿಂದ ಹಟ್ಟಿಯ ಕುರಿಗಳು ಅರಬ್ ದೇಶಕ್ಕೆ ಹಾರತೊಡಗಿ ಕೆಲವು ತಿಂಗಳಾಗಿದ್ದವು. ಕುರಿಗಳಿಗೆ ವಿಮಾನವೆಂದರೆ ಕತ್ತಲ ಗುಹೆ. ಮುಂದೆ ಒಬ್ಬ ನಾಯಕ ನಡೆಯದೆ ಒಂದು ಕುರಿಯೂ ಹಲಗೆಯ ಇಳಿಜಾರನ್ನು ಹತ್ತುವುದಿಲ್ಲ. ಆ ನಾಯಕನೇ ರಾಯ. ಹಟ್ಟಿಯವರು ದೇವರಿಗೆ ಬಿಟ್ಟ ಮೀಸಲು ಟಗರು. ರಾಯ ಮುಂದೆ, ಮಂದೆ ಹಿಂದೆ. ಕುರಿಗಳೆಲ್ಲ ಒಳಗೆ ಸೇರಿದ ಮೇಲೆ ರಾಯನನ್ನು ಇಳಿಸಿಕೊಂಡು ಬರುವುದು ಅದನ್ನು ಸಾಕುವ ಜುಂಜಯ್ಯನ ತಮ್ಮ ಗೊಲ್ಲಪ್ಪನ ಕೆಲಸ.

"ಇವತ್ತು ಇಳಿಸಲಿಲ್ಲವಾ?"

"ಇಳಿಸಿದ ಅಂತಾನೆ ಏಜೆಂಟು ಕಾಟಲಿಂಗಪ್ಪ. ಟಗರು ಕೈ ಕೊಸರಿಕೊಂಡು ಹೈವೇ ಕಡೆ ಓಡ್ತಂತೆ, ಗೊಲ್ಲಪ್ಪ ಅದರ ಹಿಂದೆ ಓಡಿದ್ನಂತೆ. ಇಳಿದಿದ್ದನ್ನ ಬೇರೆ ಯಾರೂ ಕಂಡಿಲ್ಲ. ಜುಂಜಯ್ಯ ಹಲಗೆಯಿಂದ ಹಾರಿದ ಒಂದು ಕುರಿ ಹಿಡಿಯಾಕೆ ಹೋಗಿದ್ದ. ವಾಪಸ್ ಬರೋ ಹೊತ್ತಿಗೆ ವಿಮಾನದ ಬಾಗಿಲು ಹಾಕಿಬಿಟ್ಟಿದ್ರು."

ಮೆಹರುನ್ನೀಸಾ ಹೊರಗೆ ನೋಡಿದರು. ಹೈವೇ ಖಾಲಿಯಾಗಿತ್ತು. ಎರಡೂ ಬದಿಗೆ ಕಡಲೆ ಹೊಲ, ಮೊಣಕಾಲು ಮುಟ್ಟದ ಪೈರು. ಓಡುವ ಮನುಷ್ಯನಿರಲಿ, ಮೊಲ ಓಡಿದ್ದರೂ ಕಾಣುತ್ತಿತ್ತು.

* * *

ಹುಚ್ಚಕ್ಕ ಗಾಲಿಗೆ ಬೆನ್ನು ಕೊಟ್ಟು ಆರಾಮಾಗಿ ಕೂತಿದ್ದಳು. ಮಡಿಲಲ್ಲಿ ಉಣ್ಣೆ, ಬೆರಳ ತುದಿಯಲ್ಲಿ ತಿರುಗುವ ಕದಿರು. ಹಟ್ಟಿಯ ಹೆಂಗಸರು ನಾಲ್ಕಾರು ಮಂದಿ ಅವಳ ಸುತ್ತ ಎಲೆ ಅಡಿಕೆ ಬಿಚ್ಚಿದ್ದರು. ಧರಣಿ ಅನ್ನುವುದಕ್ಕಿಂತ ಮದುವೆ ಮನೆಯ ಮುಂಜಾನೆ ಅನ್ನಬಹುದಿತ್ತು.

"ಏ ಮಗಾ, ಇನ್ನೊಂದು ಜಡೆ ಎಲ್ಲಿ ಬಿಟ್ಟು ಬಂದೆ?" ಎಂದಳು ಮುನ್ನಿಗೆ.

"ಜೀಪು ಬಂತು ಅಜ್ಜೀ."

"ಜೀಪಿಗೆ ಜಡೆ ಕೊಟ್ಟು ಬಂದ್ಯಾ? ಒಳ್ಳೆ ವ್ಯಾಪಾರ! ಬಾ ಇಲ್ಲಿ, ನೆಳ್ಳಿಗೆ ಕುಂತ್ಕ."

ಜುಂಜಯ್ಯ ಹುಚ್ಚಕ್ಕನ ದೊಡ್ಡ ಮಗ. ನಗುವ ಮುಖದವನು. ಇವತ್ತು ಮಾತ್ರ ಹೆಗಲ ಮೇಲಿನ ಕಂಬಳಿಯನ್ನು ಸುಮ್ಮಸುಮ್ಮನೆ ಸರಿಪಡಿಸಿಕೊಳ್ಳುತ್ತಿದ್ದ.

"ಟೀಚರಮ್ಮ, ಅದು ಮಾರೋ ಪ್ರಾಣಿಯಲ್ಲ. ಹಟ್ಟಿ ಹಿರೀಕರು ನನ್ನ ಕೈಗೆ ಕೊಟ್ಟವ್ರೆ. ಅದೇನಾದ್ರೂ ಈ ಕುರಿ ಜೊತೆ ಕಟುಕರ ಕೈಗೆ ಹೋಯ್ತು ಅಂದ್ರೆ ನಾನು ಹಟ್ಟಿ ಬೇಲಿ ದಾಟಿ ಒಳಕ್ಕೆ ಹೋಗೋದು ಹೆಂಗೆ?"

"ರಾಯನ ತೂಕ ಎಷ್ಟಿರಬಹುದು ಜುಂಜಣ್ಣ?"

ಅವನು ಕಿವಿ ಮುಟ್ಟಿಕೊಂಡ. "ಮೀಸಲಿನದನ್ನ ತೂಗಬಾರದು ಅಮ್ಮ. ತೂಗಿದ್ರೆ ಬೆಲೆ ಕಟ್ಟಿದಂಗೆ. ಉಳಿದ ಕುರಿಗಳನ್ನೆಲ್ಲ ನಿನ್ನೆ ಸಂಜೆ ತಕ್ಕಡಿಗೆ ಹತ್ತಿಸಿದ್ರು. ರಾಯನ್ನ ಹತ್ತಿಸಾಕೆ ನಾನು ಬಿಡಲಿಲ್ಲ. ಅದರ ಹಿಂದೆ ಮೆಟ್ಟು ಹಾಕ್ಕಂಡು ಕೂಡ ನಾವು ನಡೆಯಾಕಿಲ್ಲ. ಹಲಗೆ ಬುಡದಾಗೆ ಬಿಟ್ಟು ಹತ್ತಿ, ಇಳಿದ ಮೇಲೆ ಹಾಕ್ಕಂತೀವಿ."

"ಒಳ್ಳೆ ಮೆಟ್ಟು ಕಣಮ್ಮ," ಎಂದು ಹುಚ್ಚಕ್ಕ ಮಗನ ಕಾಲಿನತ್ತ ಕದಿರು ತೋರಿಸಿದಳು. "ನನ್ನ ಇಬ್ಬರು ಮಕ್ಕಳದ್ದೂ ಒಂದೇ ಲಾರಿ ಟಯರಿನಾಗೆ ಕೊಯ್ಸಿದ್ದು. ಕೆಂಪು ಪಟ್ಟಿ ನಾನೇ ಹೇಳಿ ಹಾಕ್ಸಿದ್ದು. ಸಂತೇಲಿ ಕಳೆದ್ರೂ ಗುರುತು ಸಿಗ್ಲಿ ಅಂತ."

ಮುನ್ನಿ ಬಾಯಿ ತೆರೆದಳು. "ಅಮ್ಮೀ..."

"ತಡಿ ಮುನ್ನಿ, ದೊಡ್ಡವರು ಮಾತಾಡ್ತಿದಾರೆ."

ಮುನ್ನಿ ತುಟಿ ಮಡಿಚಿಕೊಂಡು, ಪಕ್ಕಕ್ಕೆ ಎಳೆದಿಟ್ಟಿದ್ದ ಹಲಗೆಯ ಇಳಿಜಾರಿನ ನೆರಳಿಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ಅಲ್ಲಿಂದ ಚರ್ ಚರ್ ಎಂದು ಸದ್ದು. ಯಾರದೋ ದೊಡ್ಡ ಪಾದರಕ್ಷೆಗಳಲ್ಲಿ ಪುಟ್ಟ ಕಾಲು ತೂರಿಸಿ ಅತ್ತಿಂದಿತ್ತ ನಡೆಯುತ್ತಿದ್ದಳು. ಮನೆಯಲ್ಲಿ ಅಪ್ಪನ ಬೂಟು ಸಿಕ್ಕರೂ ಹೀಗೆಯೇ. ಮೆಹರುನ್ನೀಸಾ ಮನಸ್ಸಿನಲ್ಲೇ ನಕ್ಕು ಈಚೆ ತಿರುಗಿದರು.

ಕಾಟಲಿಂಗಪ್ಪ ಹೊಳಲ್ಕೆರೆಯವನು. ಇಸ್ತ್ರಿ ಮುರಿಯದ ಬಿಳಿ ಸಫಾರಿ, ಬೆರಳಲ್ಲಿ ಹರಳಿನುಂಗುರ. ಗಡಿಯಾರ ನೋಡಿಕೊಳ್ಳುತ್ತ ಬಂದ.

"ನೋಡಿ ಟೀಚರ್, ಟಗರು ಓಡಿದ್ದನ್ನ ನಾನೇ ಕಣ್ಣಾರೆ ಕಂಡಿದೀನಿ. ಗೊಲ್ಲಪ್ಪ ಹಿಡ್ಕೊಂಡು ಬರ್ತಾನೆ. ಅಷ್ಟಕ್ಕೆ ವಿಮಾನ ನಿಲ್ಲಿಸೋದಾ?"

"ಅವನ ಮಾತು ನಂಬಬ್ಯಾಡ ಜುಂಜಯ್ಯ," ಎಂದು ಹೆಂಗಸೊಬ್ಬಳು ಗೊಣಗಿದಳು. "ಹೋದ ಸಲ ಇದೇ ಏಜೆಂಟಪ್ಪ ರಾಯನ ಕೊಂಬು ಸವರಿ ದುಡ್ಡಿಗೆ ಕೊಡ್ತೀಯೇನಯ್ಯ ಅಂತ ಕೇಳಿದ್ದು ನಮಗೆ ಮರೆತೈತಾ?"

"ತಮಾಷೆಗೆ ಕೇಳಿದ್ದೆ," ಎಂದ ಕಾಟಲಿಂಗಪ್ಪ.

"ನಾನೂ ತಮಾಷೆಗೆ ಅಂದಿದ್ದೆ," ಎಂದ ಜುಂಜಯ್ಯ. "ದೇವರದು ಸ್ವಾಮಿ, ಅವನ್ನೇ ಕೇಳ್ರಿ ಅಂತ."

* * *

ವಿಮಾನದ ಮೂತಿಯ ಹತ್ತಿರದ ಕಬ್ಬಿಣದ ಏಣಿಯಲ್ಲಿ ಕ್ಯಾಪ್ಟನ್ ಇಳಿದು ಬಂದರು. ಹೆಸರು ಚಿಕ್ಕತಿಮ್ಮಪ್ಪ. ಹೊಸದುರ್ಗದವರು. ಬೊಂಬಾಯಿಯ ಆಫೀಸಿನಲ್ಲಿ ಅವರನ್ನು ಕ್ಯಾಪ್ಟನ್ ಚಿಕ್ ಅನ್ನುತ್ತಿದ್ದರು. ಈ ಬಯಲಿಗಿಳಿದ ಕೂಡಲೇ ಅವರಿಗೆ ಪೂರ್ತಿ ಹೆಸರೂ ಪೂರ್ತಿ ಮಾತೂ ವಾಪಸ್ ಬರುತ್ತಿದ್ದವು.

"ಬಾಗಿಲು ತೆಗೆದು ನೋಡಿದರಾಯಿತಲ್ಲ ಸಾರ್?" ಎಂದರು ಮೆಹರುನ್ನೀಸಾ.

"ತೆಗೀಬೋದಮ್ಮ. ಬಾಗಿಲ ತನಕ ಕುರಿ ತುಂಬೈತೆ. ತೆಗೆದ್ರೆ ಬೆಲ್ಲದ ಪಾಕ ಚೆಲ್ಲಿದಂಗೆ ಈಚೆ ಚೆಲ್ತವೆ. ರಾಯ ಒಳಗಿಲ್ಲದೆ ಹೋದ್ರೆ ಅವನ್ನ ಮತ್ತೆ ಹತ್ತಿಸೋರು ಯಾರು? ಬಿಸಿಲೇರಿದ್ರೆ ಗಾಳಿ ತೆಳ್ಳಗಾಗಿ ರೆಕ್ಕೆಗೆ ಆಸರೆ ಸಾಲಲ್ಲ. ಟಗರು ಒಳಗೈತೆ ಅಂತ ಗಟ್ಟಿಯಾಗ್ಲಿ, ಈಗಲೇ ತೆಗೀತೀನಿ."

"ನಿಮ್ಮ ಕೂರುವ ಕೋಣೆಯಿಂದ ಒಳಗೆ ನೋಡಲು ಬರುವುದಿಲ್ಲವೆ?"

"ಸಣ್ಣ ಬಾಗಿಲೊಂದೈತೆ. ಅದರಾಚೆ ಮೇವಿನ ಪೆಂಡಿ ಒತ್ತಿಟ್ಟವ್ರೆ. ಗಾಜಿನಾಗೆ ಇಣುಕಿದ್ರೆ ಕಾಣೋದು ಬರೀ ಕುರಿ ಬೆನ್ನು."

ಮೆಹರುನ್ನೀಸಾ ಸೀರೆಯ ನೆರಿಗೆ ಎತ್ತಿ ಹಿಡಿದು ಏಣಿ ಹತ್ತಿದರು. ಪೈಲಟ್ಟಿನ ಕೋಣೆ ಅವರ ಅಡಿಗೆಮನೆಗಿಂತ ಚಿಕ್ಕದು. ಗಡಿಯಾರದಂಥ ಬಿಲ್ಲೆಗಳ ಸಾಲು. ಅವುಗಳಲ್ಲಿ ಹೊಸದಾಗಿ ಕೂರಿಸಿದ ಐದು ಬೇರೆಯಾಗಿ ಹೊಳೆಯುತ್ತಿದ್ದವು.

"ಇದೇನು?"

ಕ್ಯಾಪ್ಟನ್ನರ ಮುಖ ಅರಳಿತು. ಈ ಪ್ರಶ್ನೆಯನ್ನು ಯಾರಾದರೂ ಕೇಳಲಿ ಎಂದು ಅವರು ಬಹಳ ದಿನದಿಂದ ಕಾದಿದ್ದರೇನೋ.

"ಇದೇ ಅಮ್ಮ ನಮ್ಮ ತಕ್ಕಡಿ. ವಿಮಾನ ತನ್ನ ತೂಕ ತಾನೇ ಹೇಳ್ತೈತೆ. ಮೊದಲೆಲ್ಲ ಸಾಮಾನನ್ನ ನೆಲದ ಮೇಲೆ ತೂಗಿ, ಕೂಡಿಸಿ, ಕಾಗದದ ಮೇಲೆ ಲೆಕ್ಕ ಹಾಕ್ತಿದ್ವಿ. ಈಗ ಮೂರು ಕಾಲಿಗೂ ಒಳಗೆ ಒಂದೊಂದು ಸಣ್ಣ ಯಂತ್ರ ಕೂರಿಸವ್ರೆ. ಭಾರ ಬಿದ್ದಾಗ ಕಾಲಿನ ಉಕ್ಕು ಕೂದಲೆಳೆಯಷ್ಟು ಬಾಗ್ತೈತೆ. ಆ ಬಾಗನ್ನ ಅದು ವಿದ್ಯುತ್ತಾಗಿ ಇಲ್ಲಿಗೆ ಕಳಿಸ್ತೈತೆ. ಈ ಮೂರು ಮುಳ್ಳು ಮೂರು ಕಾಲಿನದು. ದೊಡ್ಡದು ಒಟ್ಟು ತೂಕ. ಇದು, ಹಸಿರು ಪಟ್ಟಿ ಇರೋದು, ತೂಕದ ನಡು ಎಲ್ಲೈತೆ ಅಂತ ತೋರಿಸ್ತೈತೆ."

ಏಣಿಯ ಮೇಲಿಂದ ತಲೆ ತೂರಿಸಿದ್ದ ಜುಂಜಯ್ಯ ಕೇಳಿದ: "ನಡು ಯಾಕೆ ಬೇಕು ಸಾಮಿ? ಒಟ್ಟು ಸಾಕಲ್ಲ?"

"ಗಾಡಿ ಹೂಡಿದೀಯೇನಪ್ಪ? ಹಿಂದೆ ಭಾರ ಹೆಚ್ಚಾದ್ರೆ ಏನಾಗ್ತೈತೆ?"

"ಮೂಕಿ ಮ್ಯಾಲೆ ಎದ್ದು ಎತ್ತಿನ ಕುತ್ತಿಗೆ ಜಗ್ತೈತೆ. ಮುಂದೆ ಹೆಚ್ಚಾದ್ರೆ ಹೆಗಲು ತುಳೀತೈತೆ."

"ಅಷ್ಟೇ. ನನ್ನ ಗಾಡಿಗೆ ಎತ್ತಿಲ್ಲ. ಆಕಾಶದಾಗೆ ಮೂಕಿ ಎದ್ರೆ ಹಿಡಿಯೋರಿಲ್ಲ."

ಮೆಹರುನ್ನೀಸಾ ದೊಡ್ಡ ಬಿಲ್ಲೆಯ ಮೇಲೆ ಬಗ್ಗಿದರು. "ಒಟ್ಟು ಎಷ್ಟಿರಬೇಕಿತ್ತು? ಎಷ್ಟಿದೆ?"

"ನಿನ್ನೆ ತೂಗಿದ ಕುರಿ, ಮೇವು, ಇಂಧನ, ನಾವು, ಎಲ್ಲ ಕೂಡಿಸಿದ್ರೂ ಮುಳ್ಳು ಒಂದೂವರೆ ಕ್ವಿಂಟಲ್‌ನಷ್ಟು ಮುಂದೈತೆ. ಅದನ್ನೇ ನಾನೂ ಕೇಳಿದೆ. ಏಜೆಂಟು ಹೇಳಿದ್ದೂ ಸರಿ ಅನ್ನಿಸ್ತು."

ಕೆಳಗಿನಿಂದ ಕಾಟಲಿಂಗಪ್ಪ ಕೂಗಿದ: "ಕುರಿ ತೂಗಿದ್ದು ಸಂಜೆ, ಒಣಗಿದ್ದಾಗ! ರಾತ್ರಿಯೆಲ್ಲ ಮಂಜು ಕುಡಿದಿದೆ ಉಣ್ಣೆ. ತೂಕ ಏರದೆ ಏನಾಗುತ್ತೆ?"

ಮೆಹರುನ್ನೀಸಾ ಒಪ್ಪಿದರು. ತೊಳೆದ ಕಂಬಳಿ ಎಷ್ಟು ಭಾರ ಎಂದು ಬಾವಿಕಟ್ಟೆಯ ಮೇಲೆ ಅದನ್ನು ಹಿಂಡಿದವರಿಗೆ ಯಾರೂ ಹೇಳಬೇಕಿಲ್ಲ. ಒಟ್ಟು ತೂಕದಿಂದ ಏನೂ ಗಟ್ಟಿಯಾಗುವುದಿಲ್ಲ.

ಅವರು ಹಸಿರು ಪಟ್ಟಿಯನ್ನೇ ನೋಡುತ್ತ ನಿಂತರು. ಮುಳ್ಳು ನಿಂತಲ್ಲೇ ಸಣ್ಣಗೆ ಮಿಡಿಯುತ್ತಿತ್ತು, ಮಲಗಿದ ಮಗುವಿನ ನೆತ್ತಿಯಂತೆ.

"ಕುರಿ ಅಲ್ಲಾಡಿದ್ರೆ ಹಂಗೆ ಮಿಡೀತೈತೆ," ಎಂದರು ಕ್ಯಾಪ್ಟನ್. "ತಡಿಕೆ ಕಟ್ಟಿದೀವಿ, ನಿಂತಲ್ಲೇ ನಿಲ್ತವೆ. ಆಚೀಚೆ ಹೋಗೋಕಾಗಲ್ಲ."

"ನಡೆಯುವುದಕ್ಕೆ ಜಾಗವೇ ಇಲ್ಲವೆ?"

"ಎಡಗಡೆ ಒಬ್ಬರು ನಡೆಯೋ ಓಣಿ ಐತೆ. ಮೂತಿಯಿಂದ ಬಾಲದ ತನಕ."

"ಹಾಗಾದರೆ ರಾಯ ಒಳಗಿದ್ದರೆ ಆ ಓಣಿಯಲ್ಲೇ ಇರಬೇಕು. ಕರೆದು ನೋಡೋಣ ಸಾರ್. ಮಂಜು ತೂಕ ಕೊಡಬಹುದು. ಮಂಜಿಗೆ ಕಾಲಿಲ್ಲ."

* * *

ಗಾಳಿ ಒಂದಿಷ್ಟು ನಿಲ್ಲುವವರೆಗೆ ಕಾಯಬೇಕಾಯಿತು. ಗಾಳಿ ರೆಕ್ಕೆಯ ಕೆಳಗೆ ನುಗ್ಗಿದರೆ ವಿಮಾನ ಹಗುರವಾದಂತೆ ಮುಳ್ಳು ಸುಳ್ಳು ಹೇಳುತ್ತದಂತೆ. ಕ್ಯಾಪ್ಟನ್ ಗಾಲಿಗಳಿಗೆ ಅಡ್ಡಗಟ್ಟೆ ಇದ್ದುದನ್ನು ನೋಡಿ ಬ್ರೇಕು ಸಡಿಲಿಸಿದರು. ಕಾಲು ಬಿಗಿದುಕೊಂಡಿದ್ದರೂ ತೂಕ ತಪ್ಪುತ್ತದೆ. "ಅಜ್ಜೀ, ಸ್ವಲ್ಪ ಈಚೆ ಕುಂತ್ಕಳ್ರಿ," ಎಂದು ಕೇಳಿಕೊಂಡರು.

"ಒಂದು ಮಾರು ಸರೀತೀನಿ," ಎಂದಳು ಹುಚ್ಚಕ್ಕ. "ಅದಕ್ಕಿಂತ ಆಚೆಗೆ ಕೇಳಬ್ಯಾಡ."

ಜುಂಜಯ್ಯ ಮೆಟ್ಟು ಬಿಟ್ಟು, ವಿಮಾನದ ಮೂತಿಯ ಕೆಳಗೆ ನಿಂತು, ಎರಡೂ ಕೈ ಬಾಯಿಗಿಟ್ಟು ಕರೆದ.

"ಅರ್ರ್ರ್... ಬಾ ರಾಯಾ, ಬಾ, ಬಾ..."

ಒಳಗಿನ ಕುರಿಗಳೆಲ್ಲ ಒಂದೇ ಸಲ ಅರಚಿದವು. ಮುಳ್ಳು ಗಡಗಡ ಮಿಡಿಯಿತು. ಆಮೇಲೆ, ಆ ಮಿಡಿತದ ನಡುವೆಯೇ, ಹಸಿರು ಪಟ್ಟಿಯ ಮೇಲೆ ಮೂತಿಯ ಕಡೆಗೆ ಜರುಗತೊಡಗಿತು. ಮುಂಗಾಲಿನ ಮುಳ್ಳು ಏರಿತು. ಹಿಂಗಾಲುಗಳದ್ದು ಇಳಿಯಿತು. ಒಟ್ಟು ತೂಕ ಇದ್ದಲ್ಲೇ ಇತ್ತು.

"ಬಂದ!" ಎಂದರು ಕ್ಯಾಪ್ಟನ್, ಚಿಕ್ಕ ಹುಡುಗನಂತೆ. "ಬಂದ ಕಣ್ರೀ ರಾಯ! ಒಳಗವ್ನೆ!"

ಕೆಳಗೆ ಹೆಂಗಸರು ಚಪ್ಪಾಳೆ ತಟ್ಟಿದರು. ಪರಮೇಶ್ವರಪ್ಪ ಟೋಪಿಯನ್ನು ತಲೆಗೆ ಹಾಕಿಕೊಂಡರು.

ಮೆಹರುನ್ನೀಸಾ ಮಾತ್ರ ಮುಳ್ಳಿನಿಂದ ಕಣ್ಣು ಕೀಳಲಿಲ್ಲ. ಅದು ಒಂದು ಗಳಿಗೆ ನಿಂತು ಮತ್ತೆ ಮೂತಿಯ ಕಡೆಗೇ ಸರಿಯಿತು. ರಾಯ ಆಗಲೇ ಬಂದು ನಿಂತಿದ್ದಾನೆ. ಇನ್ನೇನು ಬರುತ್ತಿದೆ ಅವನ ಹಿಂದೆ?

ಜುಂಜಯ್ಯ ಕರೆಯುತ್ತಲೇ ಇದ್ದ. ಮುಳ್ಳು ಈಗ ಹಿಂದಕ್ಕೆ ಹೊರಟಿತು. ಒಂದಿಷ್ಟು ಸರಿದು ನಿಲ್ಲುವುದು, ಮತ್ತೆ ಒಂದಿಷ್ಟು ಸರಿಯುವುದು. ಜಗ್ಗುವವರು ಜಗ್ಗಿದಂತೆ, ಬಾರೆನೆಂದು ಕಾಲೂರಿದವರು ಕಾಲೂರಿದಂತೆ. ಕೊನೆಗೆ ಅದು ಮೊದಲಿದ್ದ ಜಾಗಕ್ಕೂ ಆಚೆ, ಬಾಲದ ಕಡೆಗೆ ಹೋಗಿ ನಿಂತಿತು.

ಕ್ಯಾಪ್ಟನ್ನರ ನಗು ಅಲ್ಲೇ ಆರಿತು. ಸಣ್ಣ ಬಾಗಿಲನ್ನು ಗುದ್ದಿದರು. "ಯಾರದು ಒಳಗೆ? ಯಾರು ಅಂತೀನಿ!"

ಕುರಿಗಳು ಉತ್ತರಿಸಿದವು. ಬೇರೆ ದನಿಯಿಲ್ಲ.

ಮೆಹರುನ್ನೀಸಾ ಕಿಟಕಿಯಿಂದ ಕೇಳಿದರು: "ಜುಂಜಣ್ಣ, ನೀವು ಕರೆಯುತ್ತಿರುವಾಗ ರಾಯ ತಾನಾಗಿ ಬೆನ್ನು ತಿರುಗಿಸಿ ಹೋಗುತ್ತಾನೆಯೇ?"

"ಹುಟ್ಟಿದಾಗಿಂದ ಹೋಗಿಲ್ಲ ಅಮ್ಮ."

"ನಾನು ನೆಲ ಬಿಡೋ ಹೊತ್ತಿಗೆ ಇಷ್ಟು ಭಾರ ಹಿಂದಕ್ಕೆ ನಡೆದಿದ್ರೆ..." ಕ್ಯಾಪ್ಟನ್ ಏಣಿಯ ಕಡೆಗೆ ತಿರುಗಿದರು. "ಬಾಗಿಲು ತೆಗೆಸ್ತೀನಿ. ಕುರಿ ಚೆಲ್ಲಿದ್ರೆ ಚೆಲ್ಲಲಿ. ರಾಯನೇ ಒಳಗವ್ನಲ್ಲ, ಮತ್ತೆ ಹತ್ತಿಸ್ತಾನೆ."

* * *

ಮೆಹರುನ್ನೀಸಾ ಇಳಿದಾಗ ಕಾಟಲಿಂಗಪ್ಪ ಸರಕಿನ ಬಾಗಿಲಿಗೆ ಅಡ್ಡ ನಿಂತಿದ್ದ.

"ಒಂದು ಗಾಜಿನ ಬಿಲ್ಲೆ ನಂಬಿ ಬಾಗಿಲು ತೆಗೀತೀರಾ? ಕುರಿ ಬೆದರಿ ಒಂದರ ಮೇಲೊಂದು ಬಿದ್ದು ಸತ್ತರೆ ಯಾರು ಹೊಣೆ?"

"ಅವಸರವಿಲ್ಲ, ಹಲಗೆ ಸರಿಯಾಗಿ ಕೂರಿಸಿಯೇ ತೆಗೆಯಲಿ," ಎಂದು ಮೆಹರುನ್ನೀಸಾ ಒಂದು ಮೇವಿನ ಪೆಂಡಿಯ ಮೇಲೆ ಕೂತರು. "ಮುನ್ನಿ, ಬಾ. ಹೇಗೂ ಕಾಯಬೇಕು, ನಿನ್ನ ಜಡೆ ಮುಗಿಸೋಣ."

ಮುನ್ನಿ ಚರ್ ಚರ್ ಎನ್ನುತ್ತ ಬಂದು ಅವರ ಮೊಣಕಾಲುಗಳ ನಡುವೆ ಕೂತಳು. ಬಾಚಣಿಗೆ ಹೊರಬಂತು. ಕೈಗೆ ಇಂಥ ಕೆಲಸವಿದ್ದರೆ ಮೆಹರುನ್ನೀಸಾರ ತಲೆ ತಣ್ಣಗೆ ಓಡುತ್ತಿತ್ತು.

"ಬಾಗಿಲು ಹಾಕಿದ್ದು ಯಾರು ಕಾಟಲಿಂಗಪ್ಪನವರೆ?"

"ನಾನೇ. ದಿನಾ ನಾನೇ ಹಾಕೋದು."

"ಕೊನೆಗೆ ಇಳಿದವರು?"

"ಗೊಲ್ಲಪ್ಪ, ಟಗರು. ಎಷ್ಟು ಸಲ ಹೇಳಲಿ?"

"ಆ ಟಗರು ಒಳಗಿದೆ ಎಂದು ಈಗ ಎಲ್ಲರಿಗೂ ಗೊತ್ತಾಯಿತಲ್ಲ."

ಅವನು ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. "ಮಬ್ಬು ಬೆಳಕು... ಬೇರೆ ಕುರಿ ಇರಬಹುದು. ನನಗೆ ಹಾಗೆ ಕಂಡಿತು. ಗೊಲ್ಲಪ್ಪ ಓಡಿದ್ದಂತೂ ನಿಜ. ಹಿರಿಯೂರು ರೋಡಿಗೆ."

"ನಾವು ಬಂದದ್ದು ಅದೇ ರೋಡಿನಲ್ಲಿ. ಯಾರೂ ಸಿಗಲಿಲ್ಲ."

"ಹಾಗಾದ್ರೆ ತುರುವನೂರು ಕಡೆ ತಿರುಗಿರಬೇಕು."

"ಲೇ, ಅದು ಒಂದು ದಿಕ್ಕು, ಇದು ಒಂದು ದಿಕ್ಕು!" ಎಂದರು ಪರಮೇಶ್ವರಪ್ಪ. "ಒಬ್ಬ ಮನುಷ್ಯ ಎರಡೂ ಕಡೆ ಓಡಿದ್ನೇನಯ್ಯ?"

"ನನ್ನ ತಮ್ಮನ್ನ ಯಾಕೆ ಎಳೀತೀರಿ ಸಾಮಿ," ಎಂದ ಜುಂಜಯ್ಯ ಮೆತ್ತಗೆ. "ಅವನು ಹುಡುಕ್ತಾನೇ ಇರ್ತಾನೆ, ಪಾಪ. ಇಲ್ಲಿ ಟಗರು ಸಿಕ್ಕಿದ್ದು ಅವನಿಗೇನು ಗೊತ್ತು. ಯಾರಾನ ಹೋಗಿ ಕರ್ಕಂಡು ಬರ್ರಪ್ಪ."

ಹುಚ್ಚಕ್ಕ ಗಾಲಿಯ ಪಕ್ಕದಿಂದ ಎದ್ದು ಬಂದಿದ್ದಳು. ಟಗರು ಸಿಕ್ಕಿತೆಂಬ ಸಮಾಧಾನ ಅವಳ ಮುಖದ ಸುಕ್ಕುಗಳಲ್ಲೆಲ್ಲ ಹರಡಿತ್ತು. ನಡೆಯುತ್ತಲೇ ಕದಿರು ತಿರುಗಿಸುತ್ತಿದ್ದಳು. "ಹೂಂ, ಕರ್ಕಂಡು ಬರ್ರಿ. ಬೆಳಿಗ್ಗೆಯಿಂದ ಹೊಟ್ಟೆಗೆ ಏನೂ ಹಾಕ್ಕಂಡಿಲ್ಲ ನನ್ನ ಮಗ."

ಹಲಗೆಯ ಇಳಿಜಾರನ್ನು ನಾಲ್ಕು ಜನ ತಳ್ಳಿಕೊಂಡು ಬಂದು ಬಾಗಿಲಿಗೆ ಕೂಡಿಸಿದರು. ಮೆಹರುನ್ನೀಸಾ ರಿಬ್ಬನ್ನಿನ ಗಂಟು ಬಿಗಿದು, ಹೂವಿನಂತೆ ಬಿಡಿಸಿ, ಎರಡೂ ಜಡೆಗಳನ್ನು ಸಮನಾಗಿ ಮುಂದಕ್ಕೆ ಎಳೆದು ನೋಡಿದರು. ಸರಿಯಾಗಿತ್ತು.

"ಅಮ್ಮೀ, ಈಗಲಾದರೂ ಕೇಳಲಾ?"

"ಬೆಳಗಿನಿಂದ ತಡೆದಿದ್ದೀನಿ ನಿನ್ನ. ಕೇಳು ಮಗಾ, ಏನದು?"

ಮುನ್ನಿ ಕೂತಲ್ಲಿಂದಲೇ ಎರಡೂ ಕಾಲುಗಳನ್ನು ಮುಂದಕ್ಕೆ ಚಾಚಿದಳು. ಪುಟ್ಟ ಪಾದಗಳ ಸುತ್ತ ಲಾರಿ ಟಯರಿನ ದಪ್ಪ ಅಟ್ಟೆ. ಮೇಲೆ ಕೆಂಪು ಪಟ್ಟಿ. ಜುಂಜಯ್ಯ ತನ್ನ ಬರಿಗಾಲು ನೋಡಿಕೊಂಡ, ಆಮೇಲೆ ವಿಮಾನದ ಮೂತಿಯ ಕೆಳಗೆ ತಾನೇ ಬಿಟ್ಟು ಬಂದಿದ್ದ ಜೋಡಿಯತ್ತ ನೋಡಿದ. ಅದು ಅಲ್ಲೇ ಇತ್ತು. ಹುಚ್ಚಕ್ಕನ ಬೆರಳಿನಿಂದ ಕದಿರು ಜಾರಿ, ನೂಲಿನ ತುದಿಯಲ್ಲಿ ತೂಗಾಡುತ್ತ ನಿಂತಿತು.

ಮುನ್ನಿ ಎಲ್ಲರಿಗೂ ಕೇಳುವಂತೆ ಕೇಳಿದಳು:

"ಗೊಲ್ಲಪ್ಪ ಮಾಮ ವಿಮಾನದಿಂದ ಇಳಿದು ರೋಡಿಗೆ ಓಡಿದ್ದು ನಿಜ ಆದ್ರೆ, ಅವರ ಮೆಟ್ಟು ಇನ್ನೂ ಹಲಗೆ ಬುಡದಾಗೇ ಯಾಕೆ ಇದ್ವು?"